ತಾಳಮದ್ದಳೆಯ ಊರಿನಲ್ಲಿ ಯುರೋಪಿನ ಕಾನೂನು

ಕಾನೂನು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೋರ್ಟು, ಕಚೇರಿ, ವಕೀಲರ ಕರಿಕೋಟು. ಇವೆಲ್ಲ ಕಾನೂನು ಆಗಿ ಮುಗಿದ ಮೇಲಿನ ಸಂಗತಿಗಳು. ಅದು ಆಗುವ ಮೊದಲು ಎಲ್ಲಿತ್ತು, ಯಾರ ಬಾಯಿಯಿಂದ ಹೊರಟಿತು, ಯಾರ ಯಾರ ಕೈಯಲ್ಲಿ ತಿದ್ದಿಸಿಕೊಂಡು ಬಂತು ಎಂಬ ವಿಚಾರ ನಮ್ಮ ದಿನನಿತ್ಯದ ಮಾತುಕತೆಗೆ ಬರುವುದು ಅಪರೂಪ. ಪಠ್ಯಪುಸ್ತಕದಲ್ಲಿ ಅದಕ್ಕೊಂದು ಅಧ್ಯಾಯವೇನೋ ಇರುತ್ತದೆ. ಮಸೂದೆಯ ಮಂಡನೆ, ಮೊದಲನೆಯ ಓದು, ಎರಡನೆಯ ಓದು, ಸಮಿತಿಯ ಪರಿಶೀಲನೆ, ಮೂರನೆಯ ಓದು, ಅಂಕಿತ ಎಂಬ ಮಾತುಗಳನ್ನು ವಿದ್ಯಾರ್ಥಿ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದು ಮರೆತುಬಿಡುತ್ತಾನೆ. ನಮ್ಮದೇ ವಿಧಾನಸೌಧದ ಮಟ್ಟಿಗೆ ಮಾತು ಹೀಗಿದ್ದರೆ, ಏಳು ಸಾವಿರ ಕಿಲೋಮೀಟರಿಗೂ ಆಚೆ ಇರುವ ಯುರೋಪಿನ ಒಕ್ಕೂಟ ತನ್ನ 27 ರಾಷ್ಟ್ರಗಳಿಗೆ ಕಾನೂನು ಮಾಡುವ ಬಗೆಯನ್ನು ಪುಂಜಾಲಕಟ್ಟೆಯ ವಿದ್ಯಾರ್ಥಿಗೆ ಕಲಿಸುವುದು ಹೇಗೆ? ಅದಕ್ಕಿಂತ ಮೊದಲು, ಕಲಿಸುವುದು ಏಕೆ?

ಈ ಎರಡನೆಯ ಪ್ರಶ್ನೆಯನ್ನು ಹಿರಿಯರೊಬ್ಬರು ನನ್ನನ್ನು ನೇರವಾಗಿಯೇ ಕೇಳಿದ್ದರು. ಬಂಟ್ವಾಳದಿಂದ ಚಾರ್ಮಾಡಿ ಘಾಟಿಯ ಕಡೆಗೆ ಏರುವ ಹೆದ್ದಾರಿಯಲ್ಲಿ, ಬೆಳ್ತಂಗಡಿ ತಾಲೂಕು ಇನ್ನೇನು ಹತ್ತಿರವಾಯಿತು ಎನ್ನುವಲ್ಲಿ ಸಿಗುವ ಪೇಟೆ ನಮ್ಮದು. ಸುತ್ತ ಅಡಿಕೆ ತೋಟ, ಗುಡ್ಡದ ಮೇಲೆ ಗೇರು, ಬೆಳ್ತಂಗಡಿ, ಸುಳ್ಯ, ಪುತ್ತೂರುಗಳ ಕಡೆಗೆ ಹೋದ ಹಾಗೆ ರಬ್ಬರು. ಇಲ್ಲಿ ರಾಜ್ಯಶಾಸ್ತ್ರ ಓದುವ ಹುಡುಗರಿಗೆ ಬ್ರಸೆಲ್ಸ್ ನಗರದ ಗೊಡವೆ ಏನು ಎಂಬುದು ಅವರ ಸಂದೇಹ. ಅದಕ್ಕೆ ನನ್ನ ಉತ್ತರ ಆ ರಬ್ಬರಿನಲ್ಲಿಯೇ ಇದೆ.

ಯುರೋಪಿನ ಒಕ್ಕೂಟ 2023ರಲ್ಲಿ ಒಂದು ನಿಯಮವನ್ನು ಅಂಗೀಕರಿಸಿತು. ಕಾಡು ಕಡಿದ ನೆಲದಲ್ಲಿ ಬೆಳೆದ ಪದಾರ್ಥ ತನ್ನ ಮಾರುಕಟ್ಟೆಗೆ ಬರಕೂಡದು ಎಂಬುದು ಅದರ ತಾತ್ಪರ್ಯ. ದನ, ಕೋಕೋ, ಕಾಫಿ, ತಾಳೆಎಣ್ಣೆ, ಸೋಯಾ, ಮರಮಟ್ಟು, ರಬ್ಬರು, ಈ ಏಳು ಸರಕುಗಳಿಗೂ ಅವುಗಳಿಂದಾದ ಹಲವು ವಸ್ತುಗಳಿಗೂ ಅದು ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ಈಚೆಗೆ ಕಾಡು ಕಡಿದು ತೋಟ ಮಾಡಿದ್ದರೆ ಆ ತೋಟದ ಫಸಲಿಗೆ ಅಲ್ಲಿ ಪ್ರವೇಶವಿಲ್ಲ. ಬೆಳೆದ ದೇಶದ ಕಾನೂನಿಗೂ ಆ ಬೆಳೆ ಅನುಗುಣವಾಗಿರಬೇಕು. ಅಷ್ಟೇ ಅಲ್ಲ, ಫಸಲು ಬಂದ ಜಾಗದ ಅಕ್ಷಾಂಶ ರೇಖಾಂಶಗಳನ್ನು ದಶಾಂಶದ ಬಳಿಕ ಆರು ಅಂಕಿಗಳವರೆಗೆ ದಾಖಲಿಸಬೇಕು. ನಾಲ್ಕು ಹೆಕ್ಟೇರಿಗೆ ಮೀರಿದ ತೋಟವಾದರೆ, ಅಂದರೆ ಸುಮಾರು ಹತ್ತು ಎಕರೆಯಾಚೆಗೆ, ಒಂದು ಬಿಂದು ಸಾಲದು, ಎಲ್ಲೆಯನ್ನೇ ಗುರುತಿಸಬೇಕು. ಕೊಡಗು ಚಿಕ್ಕಮಗಳೂರುಗಳ ಕಾಫಿ ಇಟಲಿ, ಜರ್ಮನಿಗಳಿಗೆ ಹೋಗುವುದು ಎಲ್ಲರಿಗೂ ತಿಳಿದದ್ದು. ನಮ್ಮ ರಬ್ಬರು ಹಾಳೆಯಾಗಿ ಅಲ್ಲಿಗೆ ಹೋಗುವುದು ಕಡಿಮೆ, ಅದರ ಬಹುಭಾಗ ನಮ್ಮ ದೇಶದ ಕಾರ್ಖಾನೆಗಳಲ್ಲಿಯೇ ಖರ್ಚಾಗುತ್ತದೆ. ಆದರೆ ಆ ಕಾರ್ಖಾನೆಯ ಟಯರು ಯುರೋಪಿಗೆ ಹೋಗುವುದಾದರೆ ಅದರ ಹಾಲು ಯಾವ ಗುಡ್ಡದ ಯಾವ ಮರದ ಗೆರಟೆಯಲ್ಲಿ ಇಳಿದದ್ದು ಎಂಬ ಪ್ರಶ್ನೆ ಬೆನ್ನು ಹಿಡಿದು ನಮ್ಮ ಅಂಗಳಕ್ಕೆ ಬರುತ್ತದೆ. ರಬ್ಬರ್ ಮಂಡಳಿ ತೋಟಗಳ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸುವ ಕೆಲಸಕ್ಕೆ ಕೈಹಾಕಿದ್ದು ಇದೇ ಕಾರಣದಿಂದ.

ಹೀಗೆ ನಮ್ಮ ಮತವಿಲ್ಲದ ಊರಿನಲ್ಲಿ ಆದ ಕಾನೂನು ನಮ್ಮ ಗುಡ್ಡವನ್ನು ಅಳೆಯುತ್ತದೆ. ಅದು ಆದದ್ದು ಹೇಗೆ ಎಂದು ತಿಳಿಯಬೇಕಾದವರು ಅಲ್ಲಿನವರಿಗಿಂತ ಹೆಚ್ಚಾಗಿ ನಾವಲ್ಲವೆ?

ಇನ್ನು ಕಲಿಸುವ ಬಗೆ. ಯುರೋಪಿನಲ್ಲಿ ಇದಕ್ಕೆ ಪಾತ್ರ ವಹಿಸುವ ಆಟಗಳಿವೆ. ಬ್ರಸೆಲ್ಸಿನಲ್ಲಿ 2011ರಲ್ಲಿ ತೆರೆದ ಸಂಸತ್ತಿನ ಸಂದರ್ಶಕರ ಭವನದಲ್ಲಿ ಶಾಲೆಯ ಮಕ್ಕಳು ಸದಸ್ಯರ ಪಾತ್ರ ವಹಿಸಿ, ಸಮಿತಿಯಲ್ಲಿ ಕುಳಿತು, ಚೌಕಾಶಿ ಮಾಡಿ, ಮತ ಹಾಕಿ ಹೊರಬರುತ್ತಾರೆ. ನಮ್ಮಲ್ಲಿಯೂ ಇದು ಹೊಸತಲ್ಲ. ಕೇಂದ್ರ ಸರಕಾರದ ಯುವ ಸಂಸತ್ತು ಯೋಜನೆ 1966ರಷ್ಟು ಹಿಂದೆಯೇ ದೆಹಲಿಯ ಶಾಲೆಗಳಲ್ಲಿ ಮೊದಲಾಯಿತು. ನಮ್ಮ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಂತೂ ಶಾಲಾ ಮಂತ್ರಿಮಂಡಲ ಇಲ್ಲದ ಶಾಲೆಯೇ ಅಪರೂಪ. ಜೂನ್ ತಿಂಗಳಲ್ಲಿ ಚುನಾವಣೆ, ಮುಖ್ಯಮಂತ್ರಿ, ನೀರಾವರಿ ಮಂತ್ರಿ, ಆರೋಗ್ಯ ಮಂತ್ರಿ, ಶಿಸ್ತಿನ ಮಂತ್ರಿ, ಜೊತೆಗೊಬ್ಬ ವಿರೋಧ ಪಕ್ಷದ ನಾಯಕ. ನೀರಾವರಿ ಮಂತ್ರಿ ಹೂಗಿಡಗಳಿಗೆ ನೀರು ಹಾಕುತ್ತಾನೆ, ವಿರೋಧ ಪಕ್ಷದ ನಾಯಕ ಗಿಡ ಬಾಡಿದ್ದನ್ನು ತೋರಿಸುತ್ತಾನೆ. ಇದರಲ್ಲಿ ಹೊಣೆಗಾರಿಕೆಯ ಪಾಠವೇನೋ ಇದೆ. ಆದರೆ ಕಾನೂನಿನ ಪಾಠ ಇದರಲ್ಲಿಲ್ಲ. ಏಕೆಂದರೆ ಶಾಲೆಯ ಮಂತ್ರಿಮಂಡಲ ನಿಯಮವನ್ನು ಪಾಲಿಸುತ್ತದೆಯೇ ಹೊರತು ನಿಯಮವನ್ನು ಮಾಡುವುದಿಲ್ಲ. ಯುವ ಸಂಸತ್ತಿನ ಸ್ಪರ್ಧೆಗಳಲ್ಲಿಯೂ ಮಾತು ಮೊದಲೇ ಬರೆದಿಟ್ಟದ್ದು. ಮಂತ್ರಿ ಗೆಲ್ಲುತ್ತಾನೆಂದು ತೀರ್ಪುಗಾರರಿಗೂ ಗೊತ್ತು, ಮಂತ್ರಿಗೂ ಗೊತ್ತು.

ನಮಗೆ ದಾರಿ ತೋರಿಸಿದ್ದು ತಾಳಮದ್ದಳೆ. ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದಿಸುತ್ತಾರೆ. ಇಂದು ರಾಮನಾಗಿ ಮಾತಾಡಿದವನು ನಾಳೆ ವಾಲಿಯಾಗಿ ಮಾತಾಡಬೇಕು, ಅದೂ ಇಂದಿನ ತನ್ನ ಮಾತನ್ನು ತಾನೇ ಮುರಿಯುವಷ್ಟು ಬಲವಾಗಿ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ವಾಲಿಯ ಪಕ್ಷವನ್ನು ವಹಿಸಿಕೊಂಡೇ ಮನೆಗೆ ಹೋಗುತ್ತಿದ್ದರು. ಎದುರಾಳಿಯ ಪಕ್ಷವನ್ನು ಅವನಿಗಿಂತ ಚೆನ್ನಾಗಿ ಬಲ್ಲವನೇ ಒಳ್ಳೆಯ ಅರ್ಥಧಾರಿ ಎಂಬ ತಿಳಿವಳಿಕೆ ನಮ್ಮ ಊರಿನ ಹುಡುಗರಿಗೆ ರಕ್ತಗತವಾದದ್ದು. ಪಾತ್ರ ವಹಿಸುವ ಕಲೆಯನ್ನು ಇವರಿಗೆ ಹೊಸತಾಗಿ ಕಲಿಸಬೇಕಾದ್ದಿಲ್ಲ.

ಒಂದು ಅಂತರವನ್ನು ಮಾತ್ರ ನಾನು ಮೊದಲೇ ಹೇಳಿಬಿಡುತ್ತೇನೆ. ಕೃಷ್ಣ ಸಂಧಾನದಲ್ಲಿ ಕೃಷ್ಣ ಎಷ್ಟೇ ಚೆನ್ನಾಗಿ ಮಾತಾಡಲಿ, ಕೌರವ ಐದು ಗ್ರಾಮಗಳನ್ನು ಕೊಡುವ ಹಾಗಿಲ್ಲ. ಕೊಟ್ಟರೆ ಮಹಾಭಾರತವೇ ನಿಂತುಹೋಗುತ್ತದೆ. ಪ್ರಸಂಗದ ನಡೆ ಮೊದಲೇ ನಿಶ್ಚಯವಾದದ್ದು. ತರಗತಿಯ ಆಟದಲ್ಲಿ ಹಾಗಲ್ಲ. ಕೊಡುವವನು ಕೊಡಬಹುದು, ಕೊಡದೆಯೂ ಇರಬಹುದು. ಕೊನೆಗೆ ಕಾನೂನು ಆಗದೆಯೇ ಹೋಗಬಹುದು. ಈ ಅನಿಶ್ಚಯವೇ ಆಟದ ಜೀವ.

ಆಟಕ್ಕೆ ಮೂರು ಗುಂಪು. ಮೊದಲನೆಯದು ಆಯೋಗ. ಯುರೋಪಿನ ಆಯೋಗದಲ್ಲಿ ರಾಷ್ಟ್ರಕ್ಕೊಬ್ಬರಂತೆ 27 ಮಂದಿ ಇದ್ದಾರೆ. ನಮ್ಮ ತರಗತಿಯಲ್ಲಿ ನಾಲ್ವರು. ಎರಡನೆಯದು ಸಂಸತ್ತು. 2024ರ ಚುನಾವಣೆಯಿಂದ ಅದರ ಸದಸ್ಯರ ಸಂಖ್ಯೆ 720. ನಮ್ಮಲ್ಲಿ ಹದಿನೆಂಟು. ಅಲ್ಲಿನ ಸದಸ್ಯರು ರಾಷ್ಟ್ರದ ಪ್ರಕಾರ ಕುಳಿತುಕೊಳ್ಳುವುದಿಲ್ಲ, ರಾಜಕೀಯ ಪಂಥದ ಪ್ರಕಾರ ಕುಳಿತುಕೊಳ್ಳುತ್ತಾರೆ. ನಾನು ಬೆಂಚುಗಳನ್ನು ಹಾಗೆಯೇ ಇಡಿಸುತ್ತೇನೆ. ಮೂರನೆಯದು ಸದಸ್ಯ ರಾಷ್ಟ್ರಗಳ ಮಂತ್ರಿಗಳ ಪರಿಷತ್ತು. ಇದಕ್ಕೆ ಒಂಬತ್ತು ಮಂದಿ, ಒಬ್ಬೊಬ್ಬರು ಒಂದೊಂದು ರಾಷ್ಟ್ರ: ಜರ್ಮನಿ, ಫ್ರಾನ್ಸ್, ಇಟಲಿ, ಸ್ಪೇನ್, ಪೋಲೆಂಡ್, ನೆದರ್ಲೆಂಡ್ಸ್, ಸ್ವೀಡನ್, ಫಿನ್ಲೆಂಡ್, ಲಕ್ಸೆಂಬರ್ಗ್. ಉಳಿದವರಲ್ಲಿ ಇಬ್ಬರು ಪತ್ರಕರ್ತರು, ಮಿಕ್ಕವರು ಬಾಗಿಲ ಹೊರಗೆ ನಿಂತು ಒಳಗಿನವರ ಕಿವಿ ಕಚ್ಚುವ ವರ್ತಕರು ಮತ್ತು ಪರಿಸರವಾದಿಗಳು. ಯಾರು ಯಾವ ಪಾತ್ರವೆಂಬುದು ಚೀಟಿ ಎತ್ತಿ ನಿರ್ಣಯ. ಪ್ರತಿ ಚೀಟಿಯ ಹಿಂಬದಿಯಲ್ಲಿ ಆ ಪಾತ್ರ ಬಿಟ್ಟುಕೊಡಲಾಗದ ಒಂದು ಸಂಗತಿ, ಬಿಟ್ಟುಕೊಡಬಹುದಾದ ಒಂದು ಸಂಗತಿ ಬರೆದಿರುತ್ತದೆ. ಅದನ್ನು ಪಕ್ಕದವರಿಗೆ ತೋರಿಸಕೂಡದು.

ವಿದ್ಯಾರ್ಥಿಗಳಿಗೆ ಮೊದಲ ಆಶ್ಚರ್ಯ ಆರಂಭದಲ್ಲಿಯೇ ಕಾದಿರುತ್ತದೆ. ಸಂಸತ್ತಿನ ಬೆಂಚಿನಿಂದ ಯಾರೋ ಒಬ್ಬ ಉತ್ಸಾಹಿ ಎದ್ದು ನಿಂತು ಮಸೂದೆ ಮಂಡಿಸಲು ಹೊರಡುತ್ತಾನೆ. ಕುಳಿತುಕೊಳ್ಳಪ್ಪ, ನಿನಗೆ ಆ ಅಧಿಕಾರವಿಲ್ಲ ಎಂದು ನಾನು ಹೇಳಬೇಕಾಗುತ್ತದೆ. ಜನರಿಂದ ನೇರವಾಗಿ ಚುನಾಯಿತವಾದ ಆ ಸಂಸತ್ತಿನ ಸದಸ್ಯನಿಗೆ ಮಸೂದೆ ತರುವ ಹಕ್ಕಿಲ್ಲ. ತರುವುದು ಆಯೋಗ ಮಾತ್ರ. ಸಂಸತ್ತು ಬೇಕಾದರೆ ಇಂಥದೊಂದು ಕಾನೂನು ತನ್ನಿ ಎಂದು ಆಯೋಗವನ್ನು ಕೇಳಿಕೊಳ್ಳಬಹುದು. ಈ ಅರಣ್ಯದ ವಿಷಯದಲ್ಲಿ ನಡೆದದ್ದೂ ಹಾಗೆಯೇ. 2020ರ ಅಕ್ಟೋಬರಿನಲ್ಲಿ ಸಂಸತ್ತು ಗೊತ್ತುವಳಿಯ ಮೂಲಕ ಕೇಳಿತು, 2021ರ ನವೆಂಬರ್ 17ರಂದು ಆಯೋಗ ಕರಡನ್ನು ಮುಂದಿಟ್ಟಿತು. ನಮ್ಮ ಲೋಕಸಭೆಯ ಸದಸ್ಯನಿಗಾದರೆ ಖಾಸಗಿ ಮಸೂದೆ ತರುವ ಹಕ್ಕಿದೆಯಲ್ಲ ಎಂದು ಹುಡುಗರು ಹೆಮ್ಮೆಯಿಂದ ಹೇಳುತ್ತಾರೆ. ಇದೆ. ಆದರೆ ಸ್ವಾತಂತ್ರ್ಯ ಬಂದಂದಿನಿಂದ ಅಂಥ ಹದಿನಾಲ್ಕು ಮಸೂದೆಗಳು ಮಾತ್ರ ಕಾನೂನಾಗಿವೆ, ಕೊನೆಯದು 1970ರಲ್ಲಿ. ಇದನ್ನು ಹೇಳಿದ ಮೇಲೆ ಹೆಮ್ಮೆ ಸ್ವಲ್ಪ ತಗ್ಗುತ್ತದೆ.

ಎರಡನೆಯ ಆಶ್ಚರ್ಯ ಮತದ ಲೆಕ್ಕದ್ದು. ಸಂಸತ್ತಿನಲ್ಲಿ ಮೊದಲ ಓದಿಗೆ ಹಾಕಿದ ಮತಗಳಲ್ಲಿ ಬಹುಮತ ಸಾಕು. ಪರಿಷತ್ತಿನಲ್ಲಿ ಹಾಗಲ್ಲ. ಅಲ್ಲಿ ತಕ್ಕಡಿಗೆ ಎರಡು ತಟ್ಟೆ. ರಾಷ್ಟ್ರಗಳ ಸಂಖ್ಯೆಯಲ್ಲಿ ನೂರಕ್ಕೆ 55, ಎಂದರೆ 27ರಲ್ಲಿ 15, ಒಪ್ಪಬೇಕು. ಒಪ್ಪಿದ ರಾಷ್ಟ್ರಗಳಲ್ಲಿ ಒಟ್ಟು ಜನಸಂಖ್ಯೆಯ ನೂರಕ್ಕೆ 65 ಭಾಗ ಇರಬೇಕು. ಚಿಕ್ಕವರನ್ನು ದೊಡ್ಡವರು ತುಳಿಯಬಾರದು, ದೊಡ್ಡವರನ್ನು ಚಿಕ್ಕವರು ಸಂಖ್ಯೆಯಿಂದ ಕಟ್ಟಿಹಾಕಬಾರದು ಎಂಬ ಎಚ್ಚರ ಇದರ ಹಿಂದೆ ಇದೆ. ಇನ್ನೊಂದು ಸೂಕ್ಷ್ಮವೂ ಇದೆ. ಜನಸಂಖ್ಯೆಯ ತಟ್ಟೆಯನ್ನು ಹಿಡಿದು ಒಂದು ಮಸೂದೆಯನ್ನು ತಡೆಯಬೇಕಾದರೆ ಕನಿಷ್ಠ ನಾಲ್ಕು ರಾಷ್ಟ್ರಗಳು ಜೊತೆಯಾಗಬೇಕು. ಜರ್ಮನಿ, ಫ್ರಾನ್ಸ್, ಇಟಲಿ ಈ ಮೂರೇ ಒಕ್ಕೂಟದ ಜನಸಂಖ್ಯೆಯ ಅರ್ಧಕ್ಕೆ ಸಮೀಪ ಬರುತ್ತವೆ, ಆದರೂ ಮೂವರೇ ತಡೆಯಲಾರರು. ಆ ನಾಲ್ಕನೆಯವನು ಪುಟ್ಟ ಲಕ್ಸೆಂಬರ್ಗ್ ಆದರೂ ಸಾಕು. ಇದು ತಿಳಿದ ಕೂಡಲೆ ಆ ಚೀಟಿ ಎತ್ತಿ ಮುಖ ಸಪ್ಪಗೆ ಮಾಡಿದ್ದವಳಿಗೆ ಎಲ್ಲಿಲ್ಲದ ಬೆಲೆ ಬಂದು, ದೊಡ್ಡ ರಾಷ್ಟ್ರಗಳು ಅವಳ ಬೆಂಚಿನ ಸುತ್ತ ಠಳಾಯಿಸತೊಡಗುತ್ತವೆ.

ಪ್ರಮಾಣದ ಕಲ್ಪನೆಗಾಗಿ ಕರಿಹಲಗೆಯ ಮೇಲೆ ಎರಡು ಅಂಕಿ ಬರೆಯುತ್ತೇನೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ, ಇಟಲಿಗಿಂತ ಹೆಚ್ಚು. ದಕ್ಷಿಣ ಕನ್ನಡ ಜಿಲ್ಲೆಯದು 20 ಲಕ್ಷ 90 ಸಾವಿರದಷ್ಟು. ಲಾಟ್ವಿಯಾ, ಎಸ್ಟೋನಿಯಾ, ಲಕ್ಸೆಂಬರ್ಗ್, ಮಾಲ್ಟಾ ನಮ್ಮ ಜಿಲ್ಲೆಗಿಂತ ಚಿಕ್ಕವು. ಭಾಷೆಯ ಮಾತು ಬಂದಾಗಲೂ ಹೀಗೆಯೇ. ಒಕ್ಕೂಟದ ಕಾನೂನು 24 ಭಾಷೆಗಳಲ್ಲಿ ಪ್ರಕಟವಾಗಿ ಇಪ್ಪತ್ತನಾಲ್ಕೂ ಸಮಾನ ಪ್ರಮಾಣ ಎನಿಸಿಕೊಳ್ಳುತ್ತವೆ, ಮಾಲ್ಟಾದ ಐದು ಲಕ್ಷ ಚಿಲ್ಲರೆ ಜನರ ಭಾಷೆಯೂ ಸೇರಿ. ತರಗತಿಯಲ್ಲಿ ವಾದ ಕಾವೇರಿದಾಗ ಕನ್ನಡ ಬಿಟ್ಟು ತುಳುವಿಗೆ ಇಳಿಯುವ ನಮ್ಮ ಹುಡುಗರು ಇದನ್ನು ಕೇಳಿ ಒಂದು ಕ್ಷಣ ಮೌನವಾಗುತ್ತಾರೆ. ಈ ಮೌನದ ಅರ್ಥವನ್ನು ನಾನು ಇಲ್ಲಿ ಬಿಡಿಸಹೋಗುವುದಿಲ್ಲ, ಅದು ಬೇರೆಯೇ ಭಾಷಣದ ವಿಷಯ.

ನಮ್ಮ ವ್ಯವಸ್ಥೆಗೂ ಅದಕ್ಕೂ ಇರುವ ಮುಖ್ಯ ಭೇದ ಜಗಳ ಬಿದ್ದಾಗ ಕಾಣುತ್ತದೆ. ಕರ್ನಾಟಕದಲ್ಲಿ ವಿಧಾನಸಭೆ ಒಪ್ಪಿದ ಮಸೂದೆಯನ್ನು ವಿಧಾನ ಪರಿಷತ್ತು ಒಪ್ಪದಿದ್ದರೆ ಅದು ಮಾಡಬಹುದಾದದ್ದು ಸ್ವಲ್ಪ ಕಾಲ ತಡೆಯುವುದಷ್ಟೇ. ಮೊದಲು ಮೂರು ತಿಂಗಳು, ಮತ್ತೆ ಬಂದಾಗ ಒಂದು ತಿಂಗಳು. ದೆಹಲಿಯಲ್ಲಿ ಎರಡು ಸದನಗಳ ನಡುವೆ ಬಿಕ್ಕಟ್ಟಾದರೆ ಜಂಟಿ ಅಧಿವೇಶನ ಕರೆಯಬಹುದು. 1961ರ ವರದಕ್ಷಿಣೆ ನಿಷೇಧದ ಮಸೂದೆಗೆ ಹಾಗೆ ಕರೆದಿದ್ದರು, ಆಮೇಲೆ 1978ರಲ್ಲಿ ಒಮ್ಮೆ, 2002ರಲ್ಲಿ ಒಮ್ಮೆ. ಜಂಟಿಯಾಗಿ ಕುಳಿತಾಗ ತಲೆ ಎಣಿಕೆಯಲ್ಲಿ ಲೋಕಸಭೆಯೇ ದೊಡ್ಡದು. ಯುರೋಪಿನಲ್ಲಿ ಈ ಉಪಾಯವಿಲ್ಲ. ಸಾಮಾನ್ಯ ವಿಧಾನದ ಕಾನೂನುಗಳಲ್ಲಿ ಸಂಸತ್ತು ಪರಿಷತ್ತನ್ನು ಸೋಲಿಸಲಾರದು, ಪರಿಷತ್ತು ಸಂಸತ್ತನ್ನು ಸೋಲಿಸಲಾರದು. ಇಬ್ಬರೂ ಒಂದೇ ಒಕ್ಕಣೆಗೆ ಒಪ್ಪಬೇಕು, ಇಲ್ಲವಾದರೆ ಕಾನೂನಿಲ್ಲ. 1993ರಲ್ಲಿ ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದ ಈ ಸಮಬಲಕ್ಕೆ ಬುನಾದಿ ಹಾಕಿತು, 2009ರ ಲಿಸ್ಬನ್ ಒಪ್ಪಂದ ಅದನ್ನೇ ಸಾಮಾನ್ಯ ಕ್ರಮವನ್ನಾಗಿ ಮಾಡಿತು. ಆದ್ದರಿಂದ ನಿಜವಾದ ಕೆಲಸ ನಡೆಯುವುದು ದೊಡ್ಡ ಸಭಾಂಗಣದಲ್ಲಲ್ಲ. ಸಂಸತ್ತಿನವರು ಕೆಲವರು, ಪರಿಷತ್ತಿನ ಪರವಾಗಿ ಆ ಆರು ತಿಂಗಳು ಅಧ್ಯಕ್ಷತೆ ವಹಿಸಿದ ರಾಷ್ಟ್ರದವರು, ಆಯೋಗದವರು, ಹೀಗೆ ಮೂರು ಕಡೆಯವರು ಒಂದು ಸಣ್ಣ ಕೋಣೆಯಲ್ಲಿ ಕುಳಿತು ಸಾಲು ಸಾಲಾಗಿ ಚೌಕಾಶಿ ಮಾಡುವ ತ್ರಿಪಕ್ಷ ಮಾತುಕತೆಯಲ್ಲಿ. ಕೋಣೆಯ ಬಾಗಿಲು ಮುಚ್ಚಿರುತ್ತದೆ. ಪ್ರಜಾಪ್ರಭುತ್ವಕ್ಕೆ ಇದು ಶೋಭೆಯೇ ಎಂದು ಅಲ್ಲಿನವರೇ ಟೀಕಿಸುವುದುಂಟು. ನನಗೂ ಆ ಟೀಕೆಯಲ್ಲಿ ಹುರುಳಿದೆ ಎಂದೇ ತೋರುತ್ತದೆ.

ಈ ಕೋಣೆಯ ದೃಶ್ಯವೇ ನಮ್ಮ ಆಟದ ಮುಖ್ಯ ಪ್ರಸಂಗ. ಅದಕ್ಕೆ ನಾನು ಎರಡು ವಿವಾದಗಳನ್ನು ಆರಿಸಿಕೊಂಡಿದ್ದೇನೆ, ಎರಡೂ ನಿಜವಾಗಿ ನಡೆದವು. ಒಂದು, ಕಟ್‌ಆಫ್ ದಿನಾಂಕ. ಯಾವ ದಿನದ ಈಚೆಗೆ ಕಡಿದ ಕಾಡನ್ನು ಅಪರಾಧವೆಂದು ಎಣಿಸಬೇಕು? ಆಯೋಗ 2020ರ ಡಿಸೆಂಬರ್ 31 ಎಂದಿತು. ಸಂಸತ್ತು ಒಂದು ವರ್ಷ ಹಿಂದಕ್ಕೆ, 2019ಕ್ಕೆ ಒಯ್ಯಬೇಕೆಂದಿತು. ಪರಿಷತ್ತು ಒಂದು ವರ್ಷ ಮುಂದಕ್ಕೆ, 2021ಕ್ಕೆ ತಳ್ಳಬೇಕೆಂದಿತು. ಪುಸ್ತಕದಲ್ಲಿ ಓದಿದರೆ ಇವು ಮೂರು ಇಸವಿಗಳಷ್ಟೇ. ಮೇಜಿನ ಆಚೆ ಈಚೆ ಕುಳಿತವರಿಗೆ ಒಂದೊಂದು ವರ್ಷದ ಹಿಂದೆಯೂ ಎಷ್ಟು ಕಾಡು, ಎಷ್ಟು ತೋಟ, ಎಷ್ಟು ಜನ ಎಂಬುದು ತಲೆಯಲ್ಲಿ ಸುಳಿಯುತ್ತದೆ. ಬಹುತೇಕ ಸಲ ನಮ್ಮ ಹುಡುಗರೂ ಜಗಳಾಡಿ ಕೊನೆಗೆ ನಡುವಣ 2020ಕ್ಕೇ ಬಂದು ನಿಲ್ಲುತ್ತಾರೆ, 2022ರ ಡಿಸೆಂಬರ್ 6ರಂದು ಅಲ್ಲಿನವರು ನಿಂತ ಹಾಗೆ. ಒಂದು ಸಲ ಮಾತ್ರ ಒಪ್ಪಂದವಾಗಲೇ ಇಲ್ಲ. ಗಂಟೆ ಹೊಡೆಯಿತು, ಕಾನೂನು ಸತ್ತಿತು. ಆ ದಿನದ ಪಾಠ ಬಹುಶಃ ಉಳಿದ ದಿನಗಳಿಗಿಂತ ಚೆನ್ನಾಗಿ ಆಯಿತು.

ಎರಡನೆಯದು ರಬ್ಬರು. ಆಯೋಗದ ಮೂಲ ಕರಡಿನಲ್ಲಿ ಆರು ಸರಕುಗಳಿದ್ದವು, ರಬ್ಬರು ಇರಲಿಲ್ಲ. ಅದನ್ನು ಸೇರಿಸಲೇಬೇಕು ಎಂದವರು ಸಂಸತ್ತಿನವರು. ಹಂದಿ, ಕುರಿ, ಕೋಳಿ, ಮೆಕ್ಕೆಜೋಳ, ಇದ್ದಿಲು ಇವನ್ನೆಲ್ಲ ಸೇರಿಸಿ ಉದ್ದದ ಪಟ್ಟಿಯನ್ನೇ ಮುಂದಿಟ್ಟು 2022ರ ಸೆಪ್ಟೆಂಬರ್ 13ರಂದು 453 ಮತಗಳಿಂದ ತಮ್ಮ ನಿಲುವನ್ನು ಅಂಗೀಕರಿಸಿದರು. ವಿರೋಧವಾಗಿ 57, ತಟಸ್ಥರು 123. ಮಸೂದೆಯ ಹೊಣೆ ಹೊತ್ತು ಮಾತುಕತೆ ನಡೆಸಿದವರು ಲಕ್ಸೆಂಬರ್ಗಿನ ಕ್ರಿಸ್ಟೋಫ್ ಹ್ಯಾನ್ಸೆನ್. ಇವರೇ 2024ರ ಕೊನೆಗೆ ಒಕ್ಕೂಟದ ಕೃಷಿ ಆಯುಕ್ತರಾದರು. ಚೌಕಾಶಿಯಲ್ಲಿ ಹಂದಿ, ಕುರಿ, ಕೋಳಿ, ಜೋಳಗಳು ಬಿದ್ದುಹೋಗಿ ರಬ್ಬರು ಉಳಿಯಿತು.

ಒಂದು ವರ್ಷದ ಆಟದಲ್ಲಿ ಸಂಸತ್ತಿನ ಪರಿಸರ ಸಮಿತಿಯ ಚೀಟಿ ಬೆಳ್ತಂಗಡಿ ಕಡೆಯ ಒಬ್ಬ ವಿದ್ಯಾರ್ಥಿನಿಗೆ ಬಂತು. ಬಿಟ್ಟುಕೊಡಲಾಗದ ಸಂಗತಿ ಎಂದು ಅದರ ಹಿಂಬದಿಯಲ್ಲಿ ಬರೆದಿದ್ದದ್ದು ರಬ್ಬರು. ಅವಳು ವಾದಿಸಿದ ಪರಿಯನ್ನು ನಾನು ಸುಲಭವಾಗಿ ಮರೆಯಲಾರೆ. ಗುಡ್ಡಕ್ಕೆ ರಬ್ಬರು ಬಂದ ಮೇಲೆ ಅದರ ಬುಡದಲ್ಲಿ ಏನು ಬೆಳೆಯುತ್ತದೆ, ಏನು ಬೆಳೆಯುವುದಿಲ್ಲ ಎಂದು ಕಣ್ಣಾರೆ ಕಂಡವಳಂತೆ ಹೇಳಿದಳು. ಎದುರಿಗಿದ್ದ ಪರಿಷತ್ತಿನವರು ಇದ್ದಿಲನ್ನು ಬಿಡುತ್ತೀರಾ, ಜೋಳವನ್ನು ಬಿಡುತ್ತೀರಾ ಎಂದು ಒಂದೊಂದಾಗಿ ಕಿತ್ತುಕೊಂಡರೂ ರಬ್ಬರನ್ನು ಬಿಡಲಿಲ್ಲ, ಗೆದ್ದಳು. ತರಗತಿ ಮುಗಿದ ಮೇಲೆ ಪುಸ್ತಕ ಎತ್ತಿಕೊಳ್ಳುತ್ತ ಮೆಲ್ಲನೆ ಕೇಳಿದಳು:

“ಸರ್, ಹಾಗಾದರೆ ನಾನು ನಮ್ಮದೇ ತೋಟವನ್ನು ಕಾನೂನಿಗೆ ಸೇರಿಸಿದ ಹಾಗಾಯಿತಲ್ಲ?”

ಅವಳ ಮನೆಯವರದ್ದು ಮೂರು ಎಕರೆ ರಬ್ಬರು. ಬೆಳಗಿನ ಜಾವ ಅಪ್ಪ ಟ್ಯಾಪಿಂಗಿಗೆ ಹೋಗುತ್ತಾರೆ, ರಜೆಯ ದಿನ ಇವಳೂ ಹಾಲು ಸಂಗ್ರಹಿಸಲು ಹೋಗುವುದುಂಟು.

ಮುಂದಿನ ತರಗತಿಯನ್ನು ನಾವು ಈ ಒಂದು ಪ್ರಶ್ನೆಗೇ ಮೀಸಲಿಟ್ಟೆವು. ಅಲ್ಲಿಂದ ಹೊರಬಂದ ಸಂಗತಿಗಳು ಯಾವ ಪಠ್ಯದಲ್ಲಿಯೂ ಇರುವಂಥವಲ್ಲ. ತೋಟ 2020ಕ್ಕಿಂತ ಹಳೆಯದಾದ್ದರಿಂದ ದಿನಾಂಕದ ಭಯವಿಲ್ಲ. ನಾಲ್ಕು ಹೆಕ್ಟೇರಿಗಿಂತ ಕಡಿಮೆಯಾದ್ದರಿಂದ ಒಂದು ಬಿಂದು ಸಾಕು. ಆದರೆ ಬೆಳೆದ ದೇಶದ ಕಾನೂನಿಗೆ ಅನುಗುಣ ಎಂಬ ಮಾತಿದೆಯಲ್ಲ, ಅಲ್ಲಿ ಒಬ್ಬ ಹುಡುಗ ತಡೆದ. ಕುಮ್ಕಿಯಲ್ಲಿ ಇಟ್ಟ ರಬ್ಬರು ಏನಾಗುತ್ತದೆ ಎಂದ. ಹೊರಗಿನ ಕೇಳುಗರಿಗಾಗಿ ಒಂದು ಮಾತು: ನಮ್ಮ ಜಿಲ್ಲೆಯಲ್ಲಿ ಹಳೆಯ ವರ್ಗ ಜಮೀನಿನ ಸುತ್ತ 450 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ಮುಂತಾದವುಗಳಿಗೆ ಸಾಗುವಳಿದಾರನಿಗೆ ಇರುವ ಸವಲತ್ತಿಗೆ ಕುಮ್ಕಿ ಎನ್ನುತ್ತಾರೆ. ಸವಲತ್ತು ಸೊಪ್ಪಿನದು, ಆದರೆ ಕಾಲ ಸರಿದ ಹಾಗೆ ಎಷ್ಟೋ ಕಡೆ ತೋಟ ಬೇಲಿ ದಾಟಿ ಅಲ್ಲಿಗೆ ಹಬ್ಬಿದೆ. ಅಕ್ರಮ ಸಕ್ರಮದ ಅರ್ಜಿಗಳು ಕಚೇರಿಯಲ್ಲಿ ಕುಳಿತಿವೆ. ಪಹಣಿಯಲ್ಲಿ ಹೆಸರಿಲ್ಲದ ಆ ಮರದ ಹಾಲು ಕಾನೂನಿನ ಹಾಲೋ ಅಲ್ಲವೋ? ಬ್ರಸೆಲ್ಸಿನ ಕೋಣೆಯಲ್ಲಿ ಕುಳಿತ ಯಾರಿಗಾದರೂ ಕುಮ್ಕಿ ಎಂಬ ಶಬ್ದ ಕಿವಿಗೆ ಬಿದ್ದಿದ್ದೀತೆ?

ಇನ್ನೊಬ್ಬ ಸುಳ್ಯದ ಉದಾಹರಣೆ ತಂದ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿ ಬಂದ ತಮಿಳರ ಪುನರ್ವಸತಿಗಾಗಿ ಅಲ್ಲಿ ಸರಕಾರವೇ ಅರಣ್ಯದ ನೆಲದಲ್ಲಿ ರಬ್ಬರು ಬೆಳೆಸಿತು. ಅದು ಯುರೋಪಿನ ಲೆಕ್ಕಕ್ಕೆ ಬರುವುದೇ ಇಲ್ಲ, ದಿನಾಂಕಕ್ಕಿಂತ ಎಷ್ಟೋ ಹಿಂದಿನದು. ಹಾಗೆ ನೋಡಿದರೆ ಯುರೋಪು ತನ್ನ ಕಾಡುಗಳನ್ನು ಕಡಿದು ಹೊಲ ಮಾಡಿಕೊಂಡದ್ದೂ ದಿನಾಂಕಕ್ಕಿಂತ ಹಿಂದಿನದೇ ಎಂದು ಮತ್ತೊಬ್ಬಳು ಸೇರಿಸಿದಳು. ಯಾವ ದಿನಾಂಕವನ್ನು ಗೆರೆಯಾಗಿ ಎಳೆದರೂ ಅದರ ಆಚೆ ನಿಂತವರಿಗೆ ಕ್ಷಮೆ, ಈಚೆ ನಿಂತವರಿಗೆ ಶಿಕ್ಷೆ. ಇದನ್ನು ನಾನು ಹೇಳಿಕೊಟ್ಟದ್ದಲ್ಲ.

ಈ ಚರ್ಚೆಯಲ್ಲಿ ನನ್ನ ಮನಸ್ಸಿಗೆ ಬಂದದ್ದು ನಮ್ಮದೇ ಇನ್ನೊಂದು ಕಾನೂನು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ. ಅದೂ ಈ ಊರುಗಳ ಮನೆಮನೆಯ ಅಂಗಳಕ್ಕೆ ಬಂದದ್ದೇ. ಗೇಣಿಯ ಒಕ್ಕಲು ಏಳನೆಯ ನಮೂನೆಯ ಅರ್ಜಿ ಹಾಕಿ, ಭೂನ್ಯಾಯಮಂಡಳಿಯ ಮುಂದೆ ನಿಂತು, ಉತ್ತ ನೆಲಕ್ಕೆ ಒಡೆಯನಾದ. ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರ ಅಜ್ಜ ಅಜ್ಜಿಯರು ಹಾಗೆ ಭೂಮಿ ಪಡೆದವರು, ಕೆಲವರ ಅಜ್ಜಂದಿರು ಹಾಗೆ ಕಳೆದುಕೊಂಡವರು. ಇಬ್ಬರ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಆ ಕಾನೂನಿನಿಂದಲೂ ನೋವಾಗಿದೆ, ವ್ಯಾಜ್ಯಗಳಾಗಿವೆ. ಆದರೆ ಅದನ್ನು ಮಾಡಿದ ಸಭೆಗೆ ಈ ಊರಿನ ಒಕ್ಕಲೂ ಮತ ಹಾಕಿದ್ದ, ಧಣಿಯೂ ಮತ ಹಾಕಿದ್ದ. ಒಪ್ಪದವರು ಮುಂದಿನ ಚುನಾವಣೆಯಲ್ಲಿ ಸೇಡು ತೀರಿಸಿಕೊಳ್ಳಬಹುದಿತ್ತು. ಮೂರು ಎಕರೆ ರಬ್ಬರಿನ ಬೆಳೆಗಾರ ಯಾರ ವಿರುದ್ಧ ಮತ ಹಾಕಬೇಕು?

ಹಾಗೆಂದು ಹೊರಗಿನವರಿಗೆ ಆ ಕೋಣೆಯ ಗೋಡೆಯಲ್ಲಿ ಕಿಟಕಿಯೇ ಇಲ್ಲವೆಂದಲ್ಲ, ವಿಧಾನವನ್ನು ಬಲ್ಲವನಿಗೆ ಕಿಟಕಿಗಳು ಕಾಣುತ್ತವೆ. ಕರಡು ಸಿದ್ಧವಾಗುವ ಮೊದಲು ಆಯೋಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ, ಲೋಕದ ಯಾವ ಮೂಲೆಯವನೂ ಬರೆಯಬಹುದು. ಈ ನಿಯಮದ ಬಗ್ಗೆ 2020ರಲ್ಲಿ ಕೇಳಿದಾಗ ಸುಮಾರು 12 ಲಕ್ಷ ಉತ್ತರಗಳು ಬಂದವು. ಅವುಗಳಲ್ಲಿ ಬಹುಪಾಲು ಕಾಡಿನ ಪರವಾಗಿ ಸಂಘಟಿತವಾದ ಅಭಿಯಾನದ ಒಂದೇ ಒಕ್ಕಣೆಯವು. ನಿಯಮ ಆದ ಮೇಲೂ ಕಥೆ ನಿಲ್ಲಲಿಲ್ಲ. 2023ರ ಏಪ್ರಿಲ್ 19ರಂದು ಸಂಸತ್ತು 552 ಮತಗಳಿಂದ, ಮೇ ತಿಂಗಳಲ್ಲಿ ಪರಿಷತ್ತು, ಒಪ್ಪಿಗೆ ಕೊಟ್ಟು ಜೂನ್ 29ರಂದು ಜಾರಿಗೆ ಬಂದರೂ ಕಟ್ಟುನಿಟ್ಟು ಅನ್ವಯಿಸಬೇಕಾದದ್ದು 2024ರ ಡಿಸೆಂಬರ್ 30ರಿಂದ. ಅಷ್ಟರಲ್ಲಿ ವ್ಯಾಪಾರದ ರಾಷ್ಟ್ರಗಳ ಆಕ್ಷೇಪ ಎದ್ದಿತು, ಭಾರತವೂ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಮಾತೆತ್ತಿತು, ಒಕ್ಕೂಟದೊಳಗಿನ ಉದ್ಯಮಗಳೂ ಸಿದ್ಧತೆ ಸಾಲದೆಂದವು. 2024ರ ಡಿಸೆಂಬರಿನಲ್ಲಿ ಒಂದು ವರ್ಷ ಮುಂದೂಡಿದರು. 2025ರ ಮೇ ತಿಂಗಳಲ್ಲಿ ರಾಷ್ಟ್ರಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದಾಗ ಭಾರತ ಕಡಿಮೆ ಅಪಾಯದ ಪಟ್ಟಿಗೆ ಸೇರಿತು. ತನಿಖೆ ಹಗುರವಾಯಿತು, ಜಾಗದ ಗುರುತು ಮಾತ್ರ ತಪ್ಪಲಿಲ್ಲ. 2025ರ ಡಿಸೆಂಬರಿನಲ್ಲಿ ಇನ್ನೊಮ್ಮೆ ಮುಂದೂಡಿ, ದೊಡ್ಡ ವ್ಯಾಪಾರಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30 ಎಂದು ಗೊತ್ತುಮಾಡಿದರು. ಮುಂದೂಡಿದ ಪ್ರತಿ ಸಲವೂ ಅದೇ ಮೂರು ಮನೆಗಳ ಬಾಗಿಲನ್ನು ತಟ್ಟಬೇಕಾಯಿತು, ಏಕೆಂದರೆ ಕಾನೂನನ್ನು ತಿದ್ದಲೂ ಕಾನೂನೇ ಬೇಕು. ಯಾವ ಬಾಗಿಲನ್ನು ಯಾವಾಗ ತಟ್ಟಬೇಕೆಂದು ಬಲ್ಲವರು ಗೆದ್ದರು. ಅವರಲ್ಲಿ ಹೆಚ್ಚಿನವರು ದೊಡ್ಡ ವರ್ತಕರೇ ಎಂಬುದನ್ನೂ ಹೇಳಬೇಕು.

ಆ ವರ್ಷದಿಂದೀಚೆಗೆ ನಾನು ಆಟದಲ್ಲಿ ಒಂದು ಚೀಟಿಯನ್ನು ಹೆಚ್ಚಿಗೆ ಇಟ್ಟಿದ್ದೇನೆ. ಅದರಲ್ಲಿ ಬರೆದಿರುವುದು ಇಷ್ಟೇ: ಬೆಳೆಗಾರ, ಮೂರು ಎಕರೆ, ಒಕ್ಕೂಟದ ಹೊರಗಿನವನು. ಮತವಿಲ್ಲ. ಕುರ್ಚಿಯನ್ನು ಕೋಣೆಯ ಒಳಗೆ ಇಡಬೇಕೋ ಹೊರಗೋ ಎಂಬುದನ್ನು ವಿದ್ಯಾರ್ಥಿಗಳೇ ಮೊದಲು ತೀರ್ಮಾನಿಸಬೇಕು. ಒಂದು ತಂಡ ಹೊರಗೇ ಇಟ್ಟಿತು, ಅಲ್ಲಿ ನಿಜವಾಗಿ ಇರುವುದು ಹಾಗೆಯೇ ಎಂಬ ಕಾರಣದಿಂದ. ಇನ್ನೊಂದು ತಂಡ ಒಳಗೆ ಕರೆದು ಮೂರು ನಿಮಿಷ ಮಾತಾಡಲು ಬಿಟ್ಟಿತು. ಕಳೆದ ಸಲ ಆ ಚೀಟಿ ಎತ್ತಿದವನು ರಬ್ಬರು ಕಾಣದ ಪೇಟೆಯ ಹುಡುಗ, ಅವನ ತಂದೆಗೆ ಜಿನಸಿನ ಅಂಗಡಿ. ಮೂರು ನಿಮಿಷವನ್ನೂ ಅವನು ಬಳಸಲಿಲ್ಲ. ತೋಟದ ಬಿಂದುವನ್ನು ಗುರುತಿಸಿ, ಕಾಗದ ಮಾಡಿಸಿ, ಆ ಕಾಗದ ಟಯರಿನ ಕಾರ್ಖಾನೆ ಮುಟ್ಟುವವರೆಗಿನ ಖರ್ಚು ಯಾರದ್ದು, ಶೀಟಿನ ದರದಲ್ಲಿ ಅದು ಸೇರುತ್ತದೆಯೇ ಎಂದು ಕೇಳಿ ಕುಳಿತುಬಿಟ್ಟ. ಪರಿಷತ್ತಿನವರು ತಮ್ಮ ಚೀಟಿಗಳನ್ನು ತಿರುಗಿಸಿ ನೋಡಿದರು, ಆಯೋಗದ ನಾಲ್ವರು ತಮ್ಮತಮ್ಮೊಳಗೆ ಗುಸುಗುಸು ಮಾಡಿದರು. ನಾನು ಬರೆದುಕೊಟ್ಟ ಟಿಪ್ಪಣಿಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಷ್ಟರಲ್ಲಿ ಧರ್ಮಸ್ಥಳದ ಬಸ್ಸಿನ ಹೊತ್ತಾಗಿದ್ದರಿಂದ ಸಭೆಯನ್ನು ಮುಂದೂಡಿ, ಖರ್ಚಿನ ವಿಷಯಕ್ಕೆಂದೇ ಮುಂದಿನ ಮಂಗಳವಾರ ಇನ್ನೊಂದು ಗಂಟೆಯನ್ನು ಇಟ್ಟುಕೊಂಡೆವು.